ಸೊಂಟ ಹಿಡಿಯುವುದಕ್ಕೆ ಕಾರಣಗಳು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಗಳಲ್ಲಿ ಎತ್ತು ಕುಂಟಿದರೆ ಅಂದೇ ವೈದ್ಯರನ್ನು ಕರೆಸುವ ಯಜಮಾನರು, ಕೂಲಿಯಾಳಿನ ಸೊಂಟ ಹಿಡಿದರೆ ಎರಡು ದಿನ ಮಲಗಿರಲೆಂದು ಬಿಟ್ಟುಬಿಡುವುದುಂಟು. ನೋವು ಸೊಂಟದಿಂದ ಒಂದು ಕಾಲಿನ ಹಿಂಬದಿಯಲ್ಲಿ ಪಾದದವರೆಗೂ ಇಳಿದರೆ, ಬೆನ್ನೆಲುಬಿನ ಡಿಸ್ಕ್ ಹೊರಚಾಚಿ ನರವನ್ನು ಒತ್ತುತ್ತಿರಬಹುದೆಂದು ಶಂಕಿಸತಕ್ಕದ್ದು. ಈ ಸಂಬಂಧವನ್ನು 1934ರಲ್ಲಿ ಅಮೆರಿಕಾ ದೇಶದ ಬಾಸ್ಟನ್ ನಗರದ ಮಿಕ್ಸ್‌ಟರ್ ಮತ್ತು ಬಾರ್ ಎಂಬ ಶಸ್ತ್ರವೈದ್ಯರು ಸ್ಪಷ್ಟಪಡಿಸಿದರು.

ಡಿಸ್ಕ್ ಎಂಬುದು ಬೆನ್ನೆಲುಬಿನ ಎರಡು ಮಣಿಗಳ ನಡುವಣ ಮೆತ್ತೆ. ಹೊರಗೆ ನಾರಿನ ಬಳೆ, ಒಳಗೆ ಲೋಳೆಯಂಥ ತಿರುಳು. ವಯಸ್ಸಾದಂತೆ ತಿರುಳಿನ ನೀರು ಬತ್ತಿ ಬಳೆಯಲ್ಲಿ ಬಿರುಕುಗಳು ಬೀಳುವುವು. ಹೀಗಿರುವಲ್ಲಿ ಒಂದು ದಿನ ಬಗ್ಗಿ ಮೂಟೆಯೆತ್ತಿ, ಎತ್ತಿದಂತೆಯೇ ಸೊಂಟ ತಿರುಗಿಸಿದರೆ ತಿರುಳು ಹೊರನುಗ್ಗುವುದು. ಜನರು ಆ ದಿನದ ಮೂಟೆಯನ್ನು ದೂರುವರು. ಕೇಡಾದರೋ ವರ್ಷಗಟ್ಟಲೆ ಕೂಡುತ್ತ ಬಂದಿರುವುದು. ಕೆಲವರಿಗೆ ಒಂದು ಸೀನೇ ನೆಪವಾಗುತ್ತದೆ. ಮೂವತ್ತರಿಂದ ಐವತ್ತರೊಳಗಿನ ವಯಸ್ಸಿನವರಲ್ಲಿ, ಅಂದರೆ ದುಡಿಮೆಯ ಕಾಲದಲ್ಲಿಯೇ, ಇದು ಹೆಚ್ಚು.

ನಮ್ಮ ಸೀಮೆಯ ಕೆಲಸಗಳನ್ನು ನೋಡಿರಿ. ರಾಗಿ ಹೊಲದಲ್ಲಿ ದಿನವಿಡೀ ಬಗ್ಗಿ ಕಳೆ ತೆಗೆಯುವುದು. ಶಿಡ್ಲಘಟ್ಟದ ಕಡೆ ಹಿಪ್ಪುನೇರಳೆ ಸೊಪ್ಪಿನ ಹೊರೆ, ರೇಷ್ಮೆ ನೂಲು ತೆಗೆಯುವಲ್ಲಿ ಗಂಟೆಗಟ್ಟಲೆ ಕದಲದೆ ಕೂತಿರುವುದು. ಚಿಂತಾಮಣಿಯಲ್ಲಿ ಟೊಮ್ಯಾಟೊ ಕ್ರೇಟುಗಳನ್ನು ಲಾರಿಗೆ ಏರಿಸುವುದು. ಗೌರಿಬಿದನೂರಿನ ಮೆಕ್ಕೆಜೋಳದ ಮೂಟೆಗಳು. ಚಿಕ್ಕಬಳ್ಳಾಪುರದ ಹೂವು ತರಕಾರಿ ತೋಟಗಳಲ್ಲಿ ಬೆನ್ನಿಗೆ ಕಟ್ಟುವ ಔಷಧದ ಕ್ಯಾನು. 16 ಲೀಟರ್ ನೀರೆಂದರೆ ಕ್ಯಾನಿನ ತೂಕವಲ್ಲದೆ 16 ಕಿಲೋ. ಟ್ರ್ಯಾಕ್ಟರಿನವನು ಹೊರೆ ಹೊರದಿದ್ದರೂ ಆಸನದ ಅದಿರಾಟ ಅವನ ಬೆನ್ನನ್ನು ಬಿಡದು.

ಒಂದೇ ಕೆಲಸ ಮಾಡಿದ ಇಬ್ಬರಲ್ಲಿ ಒಬ್ಬನಿಗೆ ಮಾತ್ರ ಬರುವುದಕ್ಕೆ ವಂಶಗುಣವೂ ಕಾರಣ. ಡಿಸ್ಕಿನ ತಿರುಳಿಗೆ ತನ್ನದೇ ರಕ್ತನಾಳಗಳಿಲ್ಲ, ಪಕ್ಕದ ಮೂಳೆಯಿಂದಲೇ ಪೋಷಣೆ. ಬೀಡಿಯ ಹೊಗೆ ಅದನ್ನೂ ಕುಗ್ಗಿಸುತ್ತದೆ. ಸ್ಥೂಲಕಾಯವೂ ಕೆಟ್ಟದ್ದೇ.

ವಂಶವನ್ನು ಬದಲಿಸಲಾಗದು, ಮೂಟೆಯ ಅಳತೆಯಾದರೋ ಯಜಮಾನರ ಕೈಯಲ್ಲಿದೆ. ಗಂಡಾಳೊಬ್ಬನು ಹೊರುವ ಭಾರವು 55 ಕಿಲೋಗ್ರಾಮನ್ನು ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲಿಯೇ ಶಿಫಾರಸು ಮಾಡಿತು. ನೂರು ಕಿಲೋ ಚೀಲಕ್ಕೆ ಬದಲು ಐವತ್ತರ ಎರಡು ಚೀಲ ತುಂಬಿಸಿರಿ. ಮೂಟೆಗಳನ್ನು ನೆಲದ ಮೇಲಿಡದೆ ಸೊಂಟದೆತ್ತರದ ಜಗುಲಿಯ ಮೇಲಿಡಿಸಿರಿ. ಕಳೆ ತೆಗೆಯುವವರಿಗೆ ಉದ್ದ ಹಿಡಿಯ ಕಳೆಗುದ್ದಲಿ ಕೊಡಿಸಿರಿ; ಅದರ ಬೆಲೆಗೆ ಹಿಂಜರಿಯುವವರನ್ನು ಕಂಡರೆ ಆಶ್ಚರ್ಯವಾಗುತ್ತದೆ.

ನೋವು ಬಂದವರಲ್ಲಿ ಹೆಚ್ಚಿನವರು ಶಸ್ತ್ರಚಿಕಿತ್ಸೆಯಿಲ್ಲದೆ ಕೆಲವು ವಾರಗಳಲ್ಲಿ ಗುಣ ಹೊಂದುವರು. ಬರೆ ಹಾಕಿಸತಕ್ಕದ್ದಲ್ಲ, ಸೊಂಟ ತುಳಿಸತಕ್ಕದ್ದೂ ಅಲ್ಲ. ಆದರೆ ಮೂತ್ರ ಕಟ್ಟಿದರೆ, ಮಲಮೂತ್ರ ಹಿಡಿತ ತಪ್ಪಿದರೆ, ತೊಡೆಸಂದಿನಲ್ಲಿ ಸ್ಪರ್ಶ ತಿಳಿಯದಿದ್ದರೆ, ಕಾಲಿನ ಬಲ ಕುಂದುತ್ತಿದ್ದರೆ, ಬೆಳಗಾಗುವುದನ್ನು ಕಾಯದೆ ದೊಡ್ಡ ಆಸ್ಪತ್ರೆಗೆ ಸಾಗಿಸತಕ್ಕದ್ದು.