ಹೊಗೆ ಶಕ್ತಿನಗರದ್ದು, ಲೆಕ್ಕ ಸಮುದ್ರದ್ದು

ಮಾನ್ವಿಯಲ್ಲಿ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳುವ ನನಗೆ ಆಗಾಗ ಎದುರಾಗುವ ಪ್ರಶ್ನೆ: "ಶಕ್ತಿನಗರದ ಹೊಗಿ ಎಲ್ಲಿ ಹೋಗ್ತದರೀ ಸರ್?" ರಾಯಚೂರಿನ ಮಗ್ಗುಲಲ್ಲೇ 1985ರಿಂದ ಕಲ್ಲಿದ್ದಲು ಸುಡುತ್ತಿರುವ 1720 ಮೆಗಾವ್ಯಾಟ್ ಸ್ಥಾವರ ಅದು. ಹಾರುಬೂದಿ ಕಣ್ಣಿಗೆ ಬೀಳುತ್ತದೆ, ಕಾರ್ಬನ್ ಡೈಆಕ್ಸೈಡ್ ಬೀಳುವುದಿಲ್ಲ. ಮನುಷ್ಯರು ಬಿಡುವ ಆ ಅನಿಲದಲ್ಲಿ ಸುಮಾರು ಕಾಲು ಪಾಲನ್ನು ಸಮುದ್ರ ಹೀರಿಕೊಳ್ಳುತ್ತದೆ ಎಂದೆ. ದೇವದುರ್ಗದ ಹುಡುಗಿಯೊಬ್ಬಳು ಅಷ್ಟಕ್ಕೆ ಬಿಡಲಿಲ್ಲ: "ಅದನ್ನ ಅಳದವರು ಯಾರ್ರೀ ಸರ್?"

ಸಂಶೋಧನಾ ಹಡಗಿನವರು. ಪಂಪು ಸಮುದ್ರದ ನೀರನ್ನು ಎಳೆದು ಮುಚ್ಚಿದ ಪಾತ್ರೆಯೊಳಗೆ ಶವರಿನಲ್ಲಿ ಸುರಿಸುತ್ತದೆ. ನೀರಿನಲ್ಲಿ ಕರಗಿದ ಅನಿಲ ಪಾತ್ರೆಯ ಗಾಳಿಯೊಂದಿಗೆ ಸಮತೋಲಕ್ಕೆ ಬರುತ್ತದೆ. ಆ ಗಾಳಿಯ ತೇವ ತೆಗೆದು ಅವಗೆಂಪು ಕಿರಣ ಹಾಯಿಸಿದರೆ, ಕಿರಣ ಎಷ್ಟು ನುಂಗಿಹೋಯಿತು ಎಂಬುದರಿಂದ ಅನಿಲದ ಪ್ರಮಾಣ ಸಿಗುತ್ತದೆ. ಹೊರಗಿನ ಗಾಳಿಯನ್ನೂ ಹೀಗೇ ಅಳೆಯಬೇಕು. ಅದರ ಕೊಳವೆಯನ್ನು ಹಡಗಿನ ಮುಂತುದಿಯಲ್ಲಿ ಎತ್ತರಕ್ಕೆ ಕಟ್ಟುತ್ತಾರೆ. ಇಲ್ಲದಿದ್ದರೆ ಹಡಗು ತನ್ನ ಹೊಗೆಯನ್ನೇ ಅಳೆದುಕೊಂಡೀತು!

ಬೇಕಾದದ್ದು ಎರಡರ ವ್ಯತ್ಯಾಸ. ನೀರಿನಲ್ಲಿ ಅನಿಲದ ಒತ್ತಡ ಹೆಚ್ಚಿದ್ದರೆ ಅದು ಹೊರಗೆ, ಗಾಳಿಯಲ್ಲಿ ಹೆಚ್ಚಿದ್ದರೆ ಒಳಗೆ. ಫಜೀತಿ ಇರುವುದು ಇಲ್ಲಿ. ಎಷ್ಟೋ ಕಡೆ ಈ ವ್ಯತ್ಯಾಸ ತೀರಾ ಸಣ್ಣದು. ಬಿಸಿಲಿಗಿಟ್ಟ ಗೋಲಿಸೋಡಾದ ಹಾಗೆ ನೀರು ಕಾದರೆ ಅನಿಲ ಹೊರಗೆ ನುಗ್ಗುತ್ತದೆ: ಒಂದು ಡಿಗ್ರಿಗೆ ಅದರ ಒತ್ತಡ ಶೇ. 4ಕ್ಕೂ ಸ್ವಲ್ಪ ಹೆಚ್ಚು ಏರುತ್ತದೆ. ಅಂದರೆ 400 ಇದ್ದದ್ದು 417 ಆಗುತ್ತದೆ. ಪೈಪಿನಲ್ಲಿ ಬರುವಾಗ ನೀರು ಅಷ್ಟು ಬೆಚ್ಚಗಾದರೆ ಸಾಕು, ಹೀರುವ ಸಮುದ್ರವೂ ಉಗುಳುವಂತೆ ಕಾಣುತ್ತದೆ. ಹಾಗಾಗಿ ನೀರು ಒಳಬರುವಲ್ಲೊಂದು, ಪಾತ್ರೆಯಲ್ಲೊಂದು ಥರ್ಮಾಮೀಟರ್. ನನ್ನ ಲ್ಯಾಬಿನ ಹುಡುಗರು ಬ್ಯೂರೆಟ್ ಓದುವಾಗ ಇದರ ಕಾಲುಭಾಗ ಶ್ರದ್ಧೆ ತೋರಿಸಿದರೂ ಸಾಕಿತ್ತು. ಇನ್ನು ಗಾಳಿ: ಅದರ ವೇಗ ಇಮ್ಮಡಿಯಾದರೆ ವಿನಿಮಯ ಸುಮಾರು ನಾಲ್ಕು ಪಟ್ಟು.

ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯವರು 1990ರ ದಶಕದ ನಡುವೆ 'ಸಾಗರ್ ಕನ್ಯಾ' ಹಡಗಿನಲ್ಲಿ ಅರಬ್ಬಿ ಸಮುದ್ರ ಸುತ್ತಿ ನೋಡಿದರು. ಅದರ ಮಧ್ಯ ಮತ್ತು ಪೂರ್ವ ಭಾಗ ವರ್ಷವಿಡೀ ಅನಿಲ ಬಿಡುತ್ತಿತ್ತು. ಮುಂಗಾರಿನ ಗಾಳಿಗೆ ತಳದ ತಣ್ಣೀರು ಮೇಲೇಳುತ್ತದೆ, ಸತ್ತ ಜೀವಿಗಳು ಕೊಳೆತು ಸೇರಿದ ಇಂಗಾಲ ಅದರ ಜೊತೆಗೇ ಬರುತ್ತದೆ. ಬಂಗಾಳ ಕೊಲ್ಲಿಯಲ್ಲಿ 1991ರಲ್ಲಿ ಅಳೆದವರಿಗೆ ಕಂಡದ್ದು ತದ್ವಿರುದ್ಧ: ಅದು ಹೀರುತ್ತಿತ್ತು. ನದಿಗಳ ಸಿಹಿನೀರು ಹಗುರ, ಮೇಲೆಯೇ ತೇಲುತ್ತದೆ. ತಳದ ನೀರನ್ನು ಏಳಗೊಡುವುದಿಲ್ಲ.

ದೇವದುರ್ಗದ ಕೃಷ್ಣೆಯೂ ಮಾನ್ವಿಯ ತುಂಗಭದ್ರೆಯೂ ಸೇರುವುದು ಆ ಕೊಲ್ಲಿಗೇ. ಇದನ್ನು ಕೇಳಿ ಕ್ಲಾಸಿಗೆ ಕ್ಲಾಸೇ ಹೆಮ್ಮೆಪಟ್ಟಿತು. ಆದರೆ ಅಲ್ಲಿ ದೊಡ್ಡ ಪಾಲು ಗಂಗೆ-ಬ್ರಹ್ಮಪುತ್ರ, ಐರಾವತಿಗಳದ್ದು. ನಮ್ಮ ನೀರಿಗೆ ನಾರಾಯಣಪುರ, ಹೊಸಪೇಟೆ, ಶ್ರೀಶೈಲ, ನಾಗಾರ್ಜುನಸಾಗರ ಎಂದು ಸಾಲು ಅಣೆಕಟ್ಟುಗಳಿವೆ. ತುಂಗಭದ್ರೆಯ ಎಡದಂಡೆ ಕಾಲುವೆಯಲ್ಲಿ ಮಾನ್ವಿಯ ಭತ್ತದ ಗದ್ದೆಗೆ ತಿರುಗಿದ್ದರಲ್ಲಿ ಹೆಚ್ಚಿನದು ಕೊಲ್ಲಿಯ ಮುಖ ನೋಡುವುದೇ ಇಲ್ಲ.