ದಾನಕ್ಕೂ ಮೂರು ಕೊಟೇಶನ್

ಅರವತ್ತು, ಎಪ್ಪತ್ತರ ದಶಕದಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಓದಿದವರು ಕೇರ್ ಉಪ್ಪಿಟ್ಟನ್ನು ಮರೆತಿರಲಾರರು. ಮೆಕ್ಕೆಜೋಳದ ಹಿಟ್ಟಿನ ಹಳದಿ ಬಣ್ಣ, ಊರಿನ ಯಾವ ಗಾಣದಲ್ಲೂ ಸಿಗದ ಎಣ್ಣೆಯ ಘಮಲು, ಚೀಲದ ಮೇಲೆ ಕೈಕುಲುಕುವ ಚಿತ್ರ. ಇದನ್ನು ಆರಿಸಿದವರು ಯಾರು ಎಂದು ಯಾವ ಮಗುವೂ ಕೇಳಲಿಲ್ಲ. ಕೇಳಿದ್ದರೂ ಮೇಷ್ಟ್ರ ಬಳಿ ಉತ್ತರವಿರುತ್ತಿರಲಿಲ್ಲ. ಅಮೆರಿಕದ ಕಣಜಗಳಲ್ಲಿ ಮಿಕ್ಕದ್ದಕ್ಕೆ ದಾರಿ ಮಾಡಲೆಂದೇ 1954ರಲ್ಲಿ ಪಿಎಲ್ 480 ಕಾಯ್ದೆ ಬಂತು. ಅದರ ಒಂದು ಪಾಲು ಕೇರ್‌ನಂಥ ಸೇವಾಸಂಸ್ಥೆಗಳ ಮೂಲಕ ಶಾಲೆಗಳ ಒಲೆಗೆ ಬಂತು. 1966ರ ಬರದ ವರ್ಷ ಭಾರತ ಹೊರಗಿನಿಂದ ತರಿಸಿದ ಧಾನ್ಯ ಒಂದು ಕೋಟಿ ಟನ್ನಿನ ಆಸುಪಾಸು. ಅದನ್ನು ಇಳಿಸಿಕೊಂಡ ದೊಡ್ಡ ಬಂದರುಗಳಲ್ಲಿ ಮುಂಬೈಯೂ ಒಂದು.

ಆ ಕಾಲದಲ್ಲಿ ದತ್ತಿಸಂಸ್ಥೆಯ ಗೋದಾಮು ನೋಡಿಕೊಳ್ಳುವವರ ಕೆಲಸ ಚೀಲ ಎಣಿಸುವುದು, ಒದ್ದೆಯಾದದ್ದನ್ನು ಬೇರೆ ಇಡುವುದು, ಲಾರಿ ಹತ್ತಿಸಿ ರಸೀದಿ ಪಡೆಯುವುದು. ಬಂದದ್ದನ್ನು ಹಂಚಬೇಕು, ಅಷ್ಟೇ. ಈಗ ಹಡಗು ತಿರುಗಿದೆ. ಆಫ್ರಿಕಾದ ನಿರಾಶ್ರಿತರ ಶಿಬಿರದಲ್ಲಿ ಮಗುವಿನ ಬಾಯಿಗೆ ಬೀಳುವ ಮಾತ್ರೆ ಎಷ್ಟೋ ಸಲ ಮುಂಬೈಯ ಕಂಪನಿಯದು. ನ್ಹಾವಾ ಶೇವಾ ಬಂದರಿನಿಂದಲೋ ಸಹಾರ್‌ನ ಏರ್ ಕಾರ್ಗೋದಿಂದಲೋ ಹೊರಟದ್ದು. ಈ ತಿರುವಿನ ನಡುವೆ ಹುಟ್ಟಿಕೊಂಡ ಹುದ್ದೆಯೇ ಪ್ರೊಕ್ಯೂರ್‌ಮೆಂಟ್ ಆಫೀಸರ್, ದತ್ತಿಸಂಸ್ಥೆಯ ಖರೀದಿ ಅಧಿಕಾರಿ. ಸಂಸ್ಥೆಯ ಕ್ಯಾಲೆಂಡರಿನಲ್ಲಿ ಸ್ಟೆತಸ್ಕೋಪ್ ಹಾಕಿದ ವೈದ್ಯರ ಫೋಟೊ ಇರುತ್ತದೆ. ಇವರದು ಇರುವುದಿಲ್ಲ.

ಈ ಹುದ್ದೆಯ ಹಿಂದೆ ಒಂದು ಹಳೆಯ ಭಯವಿದೆ, ಅದೂ ಮುಂಬೈಯದೇ. 1896ರಲ್ಲಿ ನಗರಕ್ಕೆ ಪ್ಲೇಗ್ ಬಂದಾಗ ವಾಲ್ಡೆಮಾರ್ ಹಾಫ್‌ಕಿನ್ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಲಸಿಕೆಯ ಕೆಲಸ ಶುರುಮಾಡಿದರು. 1897ರ ಜನವರಿ 10ರಂದು ಅದನ್ನು ಮೊದಲು ಚುಚ್ಚಿಕೊಂಡದ್ದು ತಮಗೇ. 1899ರಲ್ಲಿ ಪ್ರಯೋಗಾಲಯ ಪರೇಲಿನ ಹಳೆಯ ಗವರ್ನ್‌ಮೆಂಟ್ ಹೌಸ್‌ಗೆ ಹೋಯಿತು. ಮುಂಬೈಯ ಬಾಟಲಿಗಳು ದೇಶವಿಡೀ ಸುತ್ತತೊಡಗಿದವು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನ ಲಸಿಕೆ ಹಾಕಿಸಿಕೊಂಡರು. ಅವರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಹತ್ತೊಂಬತ್ತೂ ಜನಕ್ಕೆ ಹಾಕಿದ್ದು ಒಂದೇ ಬಾಟಲಿಯಿಂದ. ಅದರ ನಂಬರು 53ಎನ್. ತಪ್ಪು ಪರೇಲಿನಲ್ಲಾಯಿತು ಎಂದು ಹಾಫ್‌ಕಿನ್ ಅವರನ್ನು ಹುದ್ದೆಯಿಂದ ಇಳಿಸಿದರು. ಹಳ್ಳಿಯಲ್ಲಿ ಬಿರಡೆ ತೆಗೆಯುವ ಇಕ್ಕಳ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಮಾಡದೆ ಮತ್ತೆ ಬಳಸಿದ್ದರು ಎಂಬ ಸಂಗತಿಗೆ ತೂಕ ಬಂದು ಅವರು ದೋಷಮುಕ್ತರಾಗುವ ಹೊತ್ತಿಗೆ 1907 ಬಂದಿತ್ತು. ಆ ನಂಬರು ಇಲ್ಲದಿದ್ದರೆ ತನಿಖೆಗೆ ಹಿಡಿಯಲು ತುದಿಯೇ ಇರುತ್ತಿರಲಿಲ್ಲ. ಇವತ್ತು ಖರೀದಿ ಮೇಜಿನ ಮೇಲೆ ಬ್ಯಾಚ್ ನಂಬರು ಸರಿಯಾಗಿಲ್ಲ ಎಂದು ಇನ್ವಾಯ್ಸ್ ವಾಪಸ್ ಹೋದಾಗ ಸಪ್ಲೈಯರ್ ಗೊಣಗುತ್ತಾರೆ. ಗೊಣಗಲಿ.

ಎರಡನೆಯ ಪಾಠ ಕಲಿಸಿದ್ದು ಪುಕ್ಕಟೆ ವಸ್ತುಗಳು. 1988ರ ಡಿಸೆಂಬರಿನಲ್ಲಿ ಅರ್ಮೇನಿಯಾದಲ್ಲಿ ಭೂಕಂಪವಾದಾಗ ಜಗತ್ತು ಕರಗಿ ಸುಮಾರು 5,000 ಟನ್ ಔಷಧಿ, ವೈದ್ಯಕೀಯ ಸಾಮಗ್ರಿ ಕಳಿಸಿತು. ಬಂದದ್ದೇನು ಎಂದು ತಿಳಿಯುವುದಕ್ಕೇ 50 ಜನಕ್ಕೆ 6 ತಿಂಗಳು ಹಿಡಿಯಿತು. ಶೇ 8ರಷ್ಟು ಅವಧಿ ಮುಗಿದಿತ್ತು, ಶೇ 4ರಷ್ಟನ್ನು ಹಿಮ ಕೆಡಿಸಿತ್ತು. ಉಳಿದುದರಲ್ಲಿ ಸುಲಭವಾಗಿ ಗುರುತು ಹಿಡಿಯಬಹುದಾದದ್ದು ಶೇ 30 ಮಾತ್ರ. ಮಿಕ್ಕದ್ದರ ಲೇಬಲ್ ಯಾವ ಭಾಷೆಯದೋ, ಬ್ರ್ಯಾಂಡ್ ಯಾವ ದೇಶದ್ದೋ. ದಾನ ಕೊಡುವವರು ತಮ್ಮ ಮನೆ ಖಾಲಿ ಮಾಡಿಕೊಳ್ಳುತ್ತಿದ್ದರು ಎಂದರೆ ಕಟುವಾದೀತು, ಆದರೆ ಪೂರ್ತಿ ಸುಳ್ಳೂ ಆಗದು. ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲಿ ಔಷಧ ದಾನಕ್ಕೂ ನಿಯಮ ಬರೆಯಬೇಕಾಯಿತು: ಕೇಳಿದ್ದನ್ನೇ ಕೊಡಿ, ತಲುಪುವಾಗ ಕನಿಷ್ಠ ಒಂದು ವರ್ಷದ ಆಯುಷ್ಯವಿರಲಿ, ಲೇಬಲ್ ಅಲ್ಲಿನವರಿಗೆ ಅರ್ಥವಾಗಲಿ.

ಅಷ್ಟರಲ್ಲಿ ‘ಬಂದದ್ದನ್ನು ಹಂಚು’ ಎಂಬಲ್ಲಿಂದ ‘ಬೇಕಾದದ್ದನ್ನು ಕೊಳ್ಳು’ ಎಂಬಲ್ಲಿಗೆ ಲೋಕ ನಿಧಾನವಾಗಿ ಹೊರಳುತ್ತಿತ್ತು. 1972ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಶುರುವಾದ ಐಡಿಎ ಫೌಂಡೇಶನ್ ಲಾಭವಿಲ್ಲದೆ ಔಷಧಿ ಕೊಂಡು ಬಡ ದೇಶಗಳ ಆಸ್ಪತ್ರೆಗಳಿಗೆ ಒದಗಿಸುವುದನ್ನೇ ಕಸುಬು ಮಾಡಿಕೊಂಡಿತು. 1977ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಮೊದಲ ಪಟ್ಟಿ ಬಂತು. ಸುಮಾರು 200 ಔಷಧಿ, ಬ್ರ್ಯಾಂಡಿನ ಹೆಸರಿಲ್ಲ. ಆಮೇಲೆ ತುರ್ತು ಆರೋಗ್ಯ ಕಿಟ್ ಬಂತು: 10,000 ಜನಕ್ಕೆ 3 ತಿಂಗಳಿಗೆ ಬೇಕಾದದ್ದು ಪೆಟ್ಟಿಗೆಗಳಲ್ಲಿ ಸಿದ್ಧ. ಪಟ್ಟಿ ಸಿಕ್ಕಿತು. ಇನ್ನು ಅಗ್ಗವಾಗಿ, ಒಳ್ಳೆಯದಾಗಿ ಮಾಡಿಕೊಡುವವರು ಬೇಕಿತ್ತು.

ಅವರು ಮುಂಬೈಯಲ್ಲಿದ್ದರು. ಅದಕ್ಕೆ ಕಾರಣ ದೆಹಲಿಯ ಒಂದು ಕಾಯ್ದೆ. 1970ರ ಪೇಟೆಂಟ್ ಕಾಯ್ದೆ 1972ರಲ್ಲಿ ಜಾರಿಗೆ ಬಂತು. ಔಷಧಿಗೆ ಪೇಟೆಂಟ್ ಇಲ್ಲ, ಅದನ್ನು ತಯಾರಿಸುವ ವಿಧಾನಕ್ಕಷ್ಟೇ ಎಂದಿತು. ಬೇರೆ ವಿಧಾನದಲ್ಲಿ ಅದೇ ಔಷಧಿ ಮಾಡಿದರೆ ತಪ್ಪಿಲ್ಲ. ಖ್ವಾಜಾ ಅಬ್ದುಲ್ ಹಮೀದ್ 1935ರಲ್ಲಿ ಕಟ್ಟಿದ ಸಿಪ್ಲಾ, ಅವರ ಮಗ ಯೂಸುಫ್ ಹಮೀದ್ ಅವರ ಕೈಯಲ್ಲಿ ಈ ದಾರಿಯನ್ನು ಚೆನ್ನಾಗಿ ಬಳಸಿಕೊಂಡಿತು.

ಎಚ್‌ಐವಿಗೆ ಮೂರು ಔಷಧಿ ಕೂಡಿಸಿ ಕೊಟ್ಟರೆ ರೋಗಿ ಬದುಕುತ್ತಾನೆ ಎಂದು 1996ರ ಹೊತ್ತಿಗೆ ಜಗತ್ತಿಗೆ ಗೊತ್ತಾಗಿತ್ತು. ಬೆಲೆ ಮಾತ್ರ ವರ್ಷಕ್ಕೆ 10,000 ಡಾಲರ್, ಅದಕ್ಕೂ ಮೇಲೆ. ಆಫ್ರಿಕಾದಲ್ಲಿ ಯಾರು ಕೊಟ್ಟಾರು? ಎಂಎಸ್‌ಎಫ್, ಅಂದರೆ ಗಡಿಯಿಲ್ಲದ ವೈದ್ಯರ ಸಂಸ್ಥೆ, 1999ರಲ್ಲಿ ನೊಬೆಲ್ ಶಾಂತಿ ಪುರಸ್ಕಾರ ಪಡೆದ ಅದೇ ವರ್ಷ ಔಷಧಿಗಾಗಿ ಅಭಿಯಾನ ಶುರುಮಾಡಿತು. 2001ರ ಫೆಬ್ರವರಿಯಲ್ಲಿ ಸಿಪ್ಲಾದಿಂದ ದರ ಬಂತು: ಒಬ್ಬ ರೋಗಿಗೆ ವರ್ಷಕ್ಕೆ 350 ಡಾಲರ್. ದಿನಕ್ಕೆ ಒಂದು ಡಾಲರಿಗೂ ಕಡಿಮೆ. ಆಗಿನ ಲೆಕ್ಕದಲ್ಲಿ ವರ್ಷಕ್ಕೆ 16,000 ರೂಪಾಯಿಯ ಆಸುಪಾಸು. ಪತ್ರಿಕೆಗಳು ಬರೆದದ್ದು ಈ ಒಂದು ಅಂಕಿಯ ಬಗ್ಗೆ. ನನಗೆ ಹೆಚ್ಚು ಕುತೂಹಲ ಅದರ ಪಕ್ಕದ ಎರಡರ ಮೇಲೆ. ಅವೇ ಔಷಧಿಗಳು ಸರ್ಕಾರಗಳಿಗಾದರೆ 600 ಡಾಲರ್, ಸಗಟು ವ್ಯಾಪಾರಿಗಳಿಗಾದರೆ 1,200. 350 ಇದ್ದದ್ದು ಪುಕ್ಕಟೆ ಹಂಚುವ ಎಂಎಸ್‌ಎಫ್‌ಗೆ. ಕೊಳ್ಳುವವರು ಯಾರು ಎಂಬುದೇ ಬೆಲೆಯನ್ನು ತೀರ್ಮಾನಿಸಿತ್ತು.

ಮೂರು ಔಷಧಿಯನ್ನು ಒಂದೇ ಮಾತ್ರೆಯಲ್ಲಿ ಸೇರಿಸಿದ ‘ಟ್ರಯೋಮ್ಯೂನ್’ ಕೂಡ ಅದೇ ವರ್ಷದ್ದು. ಪಶ್ಚಿಮದಲ್ಲಿ ಆ ಮೂರರ ಪೇಟೆಂಟು ಮೂರು ಕಂಪನಿಗಳ ಕೈಯಲ್ಲಿದ್ದುದರಿಂದ ಅಲ್ಲಿ ಯಾರೂ ಇಂಥ ಮಾತ್ರೆ ಮಾಡಿರಲಿಲ್ಲ. 2003ರ ಅಕ್ಟೋಬರಿನಲ್ಲಿ ಕ್ಲಿಂಟನ್ ಪ್ರತಿಷ್ಠಾನ ಹಲವು ದೇಶಗಳ ಬೇಡಿಕೆಯನ್ನು ಒಟ್ಟು ಸೇರಿಸಿ ಸಿಪ್ಲಾ, ರ‍್ಯಾನ್‌ಬಾಕ್ಸಿ, ಮ್ಯಾಟ್ರಿಕ್ಸ್ ಮತ್ತು ಆಫ್ರಿಕಾದ ಆಸ್ಪೆನ್ ಜೊತೆ ಕೂತಾಗ ದರ ವರ್ಷಕ್ಕೆ 140 ಡಾಲರಿಗಿಂತ ಕೆಳಗಿಳಿಯಿತು.

ಅಗ್ಗದ ಮಾತ್ರೆ ಒಳ್ಳೆಯದೇ ಎಂದು ಹೇಳುವವರು ಯಾರು? ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಪ್ರಿಕ್ವಾಲಿಫಿಕೇಶನ್ ಶುರುಮಾಡಿದ್ದು ಇದಕ್ಕೇ: ಕಾರ್ಖಾನೆ ನೋಡಿ, ಕಡತ ಓದಿ, ಕೊಳ್ಳಬಹುದು ಎನ್ನುವುದು. 2004ರಲ್ಲಿ ಸಿಪ್ಲಾದ ಎರಡು ಔಷಧಿಗಳು ಪಟ್ಟಿಯಿಂದ ಹೊರಬಿದ್ದವು. ಮಾತ್ರೆಯಲ್ಲಿ ದೋಷ ಕಂಡುಬಂದಿರಲಿಲ್ಲ. ಅದು ಮೂಲ ಔಷಧಿಯಷ್ಟೇ ಕೆಲಸ ಮಾಡುತ್ತದೆ ಎಂದು ಪರೀಕ್ಷಿಸಿದ ಹೊರಗಿನ ಪ್ರಯೋಗಾಲಯದ ದಾಖಲೆಗಳು ಸರಿಯಿರಲಿಲ್ಲ. ಪರೀಕ್ಷೆ ಮತ್ತೆ ಮಾಡಿಸಿ ಅವು ಪಟ್ಟಿಗೆ ಮರಳುವ ಹೊತ್ತಿಗೆ ನವೆಂಬರ್. ಆ ತಿಂಗಳುಗಳಲ್ಲಿ ಖರೀದಿ ಅಧಿಕಾರಿಗಳ ಪಾಡು ಊಹಿಸಿ. ಎಚ್‌ಐವಿ ಔಷಧಿಯನ್ನು ನಡುವೆ ನಿಲ್ಲಿಸುವಂತಿಲ್ಲ, ಪಟ್ಟಿಯಲ್ಲಿಲ್ಲದ್ದನ್ನು ಕೊಳ್ಳುವಂತಿಲ್ಲ.

ಈಗಿನ ಮೇಜಿನ ಮುಂದೆ ಕೂತರೆ ಇತಿಹಾಸದ ಈ ಎಲ್ಲ ಪದರಗಳೂ ಕಾಗದದ ರೂಪದಲ್ಲಿ ಸಿಗುತ್ತವೆ. ಯೋಜನೆಯಿಂದ ಇಂಡೆಂಟ್ ಬರುತ್ತದೆ. ಮೂರು ಕೊಟೇಶನ್ ತರಿಸಬೇಕು, ಕಂಪ್ಯಾರಟಿವ್ ಸ್ಟೇಟ್‌ಮೆಂಟ್ ಮಾಡಬೇಕು. ಕೇಳಿದವರು, ಮಂಜೂರು ಮಾಡುವವರು, ಸರಕು ಎಣಿಸಿಕೊಳ್ಳುವವರು ಒಬ್ಬರೇ ಆಗಿರಬಾರದು. ಕಡಿಮೆ ದರ ಕೊಟ್ಟವರ ಮಾತ್ರೆಗೆ ಎಂಟೇ ತಿಂಗಳ ಆಯುಷ್ಯ ಉಳಿದಿದ್ದರೆ ಅದು ಕಡಿಮೆ ದರವಲ್ಲ. ಹಡಗು, ಕಸ್ಟಮ್ಸ್, ಮಣ್ಣುರಸ್ತೆಯಲ್ಲೇ ಅರ್ಧ ಕಳೆದುಹೋಗುತ್ತದೆ. ಕಾಂಗೋಗೆ ಹೋಗುವುದಾದರೆ ಲೇಬಲ್ ಫ್ರೆಂಚಿನಲ್ಲಿರಬೇಕು. ಮರದ ಪ್ಯಾಲೆಟ್ ಮೇಲೆ ಹುಳು ಸಾಯುವಷ್ಟು ಕಾಯಿಸಿದ್ದಕ್ಕೆ ಮುದ್ರೆ ಬೇಕು, ಇಲ್ಲದಿದ್ದರೆ ಆ ಕಡೆಯ ಬಂದರು ಔಷಧಿಯನ್ನು ಬಿಟ್ಟು ಮರದ ತಗಾದೆ ತೆಗೆಯುತ್ತದೆ. ಕಿಟ್‌ನಲ್ಲಿ ಮಾರ್ಫಿನ್ ಇದ್ದರಂತೂ ಗ್ವಾಲಿಯರ್‌ನ ನಾರ್ಕೋಟಿಕ್ಸ್ ಬ್ಯೂರೋದ ಅನುಮತಿ ಬರುವ ತನಕ ಅಲುಗಾಡುವಂತಿಲ್ಲ. ಭೂಕಂಪ ಕಾಯುವುದಿಲ್ಲ, ಗ್ವಾಲಿಯರ್ ಕಾಯಿಸುತ್ತದೆ.

ತಯಾರಕರಿಗೂ ಅವರ ಲೆಕ್ಕವಿದೆ. ಒಂದು ಬ್ಯಾಚ್ ಎಂದರೆ ಲಕ್ಷಗಟ್ಟಲೆ ಮಾತ್ರೆ; ಸಣ್ಣ ಸಂಸ್ಥೆ ಕೇಳುವುದು ಹತ್ತು ಸಾವಿರ. ಆಗ ಪ್ರಿನ್ಸೆಸ್ ಸ್ಟ್ರೀಟಿನ ಸಗಟು ಅಂಗಡಿಗಳಲ್ಲಿ ಸಿಗುತ್ತದಲ್ಲ ಎಂದು ಯಾರಾದರೂ ಹೇಳೇ ಹೇಳುತ್ತಾರೆ. ಸಿಗುತ್ತದೆ. ಆದರೆ ಆ ಪೆಟ್ಟಿಗೆ ಯಾವ ಗೋದಾಮಿನಲ್ಲಿ ಎಷ್ಟು ಬೇಸಿಗೆ ಕಳೆಯಿತು ಎಂಬುದಕ್ಕೆ ಕಾಗದ ಸಿಗುವುದು ಕಷ್ಟ. ಭಿವಂಡಿಯ ಗೋದಾಮುಗಳು ಬೆಳೆದದ್ದು 2017ರವರೆಗೆ ಇದ್ದ ಮುಂಬೈಯ ಆಕ್ಟ್ರಾಯ್ ಸುಂಕದ ಗಡಿಯ ಹೊರಗಿದ್ದವು ಎಂಬ ಕಾರಣಕ್ಕೆ. ಔಷಧಿಗೆ ಬೇಕಾದ ತಂಪು ಅಲ್ಲಿ ಎಲ್ಲೆಡೆ ಇರಬೇಕೆಂದೇನಿಲ್ಲ. ಇನ್ನು ದೀಪಾವಳಿಗೆ ಸಪ್ಲೈಯರ್ ಕಡೆಯಿಂದ ಡ್ರೈಫ್ರೂಟ್ ಡಬ್ಬಿ ಬರುತ್ತದೆ. ಮುಂಬೈಯ ವ್ಯಾಪಾರದಲ್ಲಿ ಅದನ್ನು ಬೇಡವೆನ್ನುವುದು ಅವಮಾನಕ್ಕೆ ಸಮ. ಇವರು ನಗುತ್ತಲೇ ವಾಪಸ್ ಕಳಿಸಬೇಕು.

ಇಂಥ ಕೆಲಸಕ್ಕೆ ಸಂಬಳ ಕೊಡಲು ದಾನಿಗಳಿಗೆ ಮನಸ್ಸಿಲ್ಲ ಎಂಬುದು ಈ ಕ್ಷೇತ್ರದ ದೊಡ್ಡ ಅಸಂಬದ್ಧತೆ. ಮಾತ್ರೆಗೆ ಹಣ ಕೊಡುತ್ತಾರೆ, ಮಾತ್ರೆ ಸರಿಯಿದೆಯೇ ಎಂದು ನೋಡುವವರಿಗೆ ಕೊಟ್ಟದ್ದನ್ನು ‘ಓವರ್‌ಹೆಡ್’ ಎನ್ನುತ್ತಾರೆ. ನಮ್ಮಲ್ಲಿ 2020ರ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ತಿದ್ದುಪಡಿ ಅಂಥ ದೇಣಿಗೆಯಲ್ಲಿ ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ 20ಕ್ಕೆ ಇಳಿಸಿತು.

ಜಗತ್ತಿಗೆ ಮಾತ್ರೆ ಕಳಿಸುವ ಮುಂಬೈಯಲ್ಲೇ ಮಾತ್ರೆಗೆ ಕಾದವರೂ ಇದ್ದಾರೆ. ಗೋವಂಡಿಯ ಇಕ್ಕಟ್ಟಾದ ವಸತಿಗಳಲ್ಲಿ ಔಷಧಿಗೆ ಬಗ್ಗದ ಕ್ಷಯ ಬಲವಾಗಿ ಬೇರೂರಿದೆ. ಎಂಎಸ್‌ಎಫ್ ಅಲ್ಲಿ ವರ್ಷಗಟ್ಟಲೆ ಚಿಕಿತ್ಸೆ ನಡೆಸಿತು. 2012ರಲ್ಲಿ ಹಿಂದೂಜಾ ಆಸ್ಪತ್ರೆಯ ಡಾ. ಜರೀರ್ ಉದ್ವಾಡಿಯಾ ಅವರ ವರದಿ, ಪರೀಕ್ಷಿಸಿದ ಯಾವ ಔಷಧಿಗೂ ಜಗ್ಗದ ಕ್ಷಯದ ಸುದ್ದಿ ತಂದಿತ್ತು. ಆ ವರ್ಷದ ಕೊನೆಗೆ ಅಮೆರಿಕದಲ್ಲಿ ಬೆಡಾಕ್ವಿಲಿನ್ ಎಂಬ ಕ್ಷಯದ ಹೊಸ ಔಷಧಿಗೆ ಒಪ್ಪಿಗೆ ಸಿಕ್ಕಿತು. ಆದರೆ 2005ರಿಂದ ಭಾರತದಲ್ಲೂ ಔಷಧಿಗೇ ಪೇಟೆಂಟ್ ಇದೆ. ಹಳೆಯ ದಾರಿ ಮುಚ್ಚಿತ್ತು. ಇನ್ನೊಂದು ಔಷಧಿ ಡೆಲಾಮನಿಡ್ ಜಪಾನಿನ ಒಟ್ಸುಕಾ ಕಂಪನಿಯದು. ಅದನ್ನು ಒಬ್ಬೊಬ್ಬ ರೋಗಿಗೂ ಬೇರೆ ಬೇರೆ ಅನುಮತಿ ಕೇಳಿ ತರಿಸಬೇಕಾದ ಕಾಲವಿತ್ತು. ಕೊಳ್ಳಲು ಹಣವಿದೆ, ಕೊಡಲು ಎರಡನೆಯ ಅಂಗಡಿಯಿಲ್ಲ.

ಬೆಡಾಕ್ವಿಲಿನ್ ಮೇಲಿನ ಹಿಡಿತವನ್ನು ಇನ್ನಷ್ಟು ವರ್ಷ ಮುಂದುವರಿಸಲು ಜಾನ್ಸನ್ ಅಂಡ್ ಜಾನ್ಸನ್ ಅರ್ಜಿ ಹಾಕಿತ್ತು. ಕ್ಷಯ ಗೆದ್ದು ಬಂದ ಇಬ್ಬರು, ಮುಂಬೈಯ ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕಾದ ಫುಮೇಜಾ ಟಿಸಿಲೆ, ಅದಕ್ಕೆ ತಕರಾರು ಸಲ್ಲಿಸಿದರು. 2023ರ ಮಾರ್ಚಿನಲ್ಲಿ ಪೇಟೆಂಟ್ ಕಚೇರಿ ಅರ್ಜಿಯನ್ನು ತಳ್ಳಿಹಾಕಿತು, ಜುಲೈನಲ್ಲಿ ಮೂಲ ಪೇಟೆಂಟಿನ ಅವಧಿಯೂ ಮುಗಿಯಿತು. ಬಡ ದೇಶಗಳಿಗೆ ಕ್ಷಯದ ಔಷಧಿ ಕೊಳ್ಳುವ ಗ್ಲೋಬಲ್ ಡ್ರಗ್ ಫೆಸಿಲಿಟಿ ಟೆಂಡರ್ ಕರೆದಾಗ ಮುಂಬೈಯ ಲುಪಿನ್ ಕೂಡ ದರ ಬರೆಯಿತು: ಆರು ತಿಂಗಳ ಚಿಕಿತ್ಸೆಗೆ 194 ಡಾಲರ್. ಜಾನ್ಸನ್ ಅಂಡ್ ಜಾನ್ಸನ್ ತನ್ನ ಹಳೆಯ ದರವನ್ನು ಅರ್ಧಕ್ಕಿಂತ ಹೆಚ್ಚು ಇಳಿಸಿ 130 ಡಾಲರ್ ಎಂದು ಬರೆದಿತ್ತು.