ಗಾಜು ಹರಳಾಗುವ ಬಗೆ: ಉಷ್ಣಪರೀಕ್ಷೆಯ ಸಾಕ್ಷ್ಯ

ದೇವನಹಳ್ಳಿ ಸೀಮೆಯ ಬೂದಿಗೆರೆಯ ಆಸುಪಾಸಿನ ಕಲ್ಲಿನ ಚೂರೊಂದನ್ನೂ ಕಿಟಕಿಯ ಗಾಜಿನ ಚೂರೊಂದನ್ನೂ ರಸಾಯನಜ್ಞನಿಗೆ ಒಪ್ಪಿಸಿದರೆ, ಎರಡರಲ್ಲಿಯೂ ನೂರಕ್ಕೆ ಸುಮಾರು 70 ಪಾಲು ಸಿಲಿಕವೇ, ಎಂದರೆ ಮರಳಿನ ಮೂಲದ್ರವ್ಯವೇ, ಇರುವುದೆಂದು ಅವನು ಹೇಳುವನು. ಆದರೆ ಭೂತಗನ್ನಡಿಯಲ್ಲಿ ನೋಡಿದಾಗ ಕಲ್ಲಿನಲ್ಲಿ ಬೆಣಚು, ಫೆಲ್ಡ್‌ಸ್ಪಾರ್, ಕಾಗೆಬಂಗಾರಗಳ ಹರಳುಗಳು ಬೇರೆ ಬೇರೆಯಾಗಿ ತೋರುತ್ತವೆ. ಗಾಜಿನಲ್ಲಿ ಒಂದೂ ತೋರದು. ಭೂಗರ್ಭದಲ್ಲಿ ಕಲ್ಲಿಗೆ ದೊರೆತ ಕಾಲಾವಕಾಶ ಗಾಜಿಗೆ ದೊರೆಯಲಿಲ್ಲ.

ಸ್ಫಟಿಕವೆಂಬುದು ಬೆಣಚಿನ ನಿರ್ಮಲವಾದ ಹರಳಿನ ಹೆಸರು. ಕಾವ್ಯದಲ್ಲಿ ಅದು ಸ್ವಚ್ಛತೆಗೆ ಉಪಮಾನವಾಗಿ, ಗಾಜಿಗೂ ಸಲ್ಲುವಂತಾಯಿತು. ಶಾಸ್ತ್ರದಲ್ಲಿ ಇವೆರಡೂ ಎದುರುಬದಿಯವು: ಅಣುಗಳು ಸಾಲುಗಟ್ಟಿ ನಿಂತದ್ದು ಸ್ಫಟಿಕ, ಸಾಲುಗಟ್ಟುವ ಮೊದಲೇ ನಿಂತಲ್ಲಿಯೇ ಬಿಗಿದುಕೊಂಡದ್ದು ಗಾಜು. ಪಾರದರ್ಶಕತೆ ಇಲ್ಲಿ ಲಕ್ಷಣವೇ ಅಲ್ಲ. ಈ ಕಾರಣದಿಂದ ‘ಹರಳುಗಟ್ಟುವಿಕೆ’ ಎಂಬ ಮಾತೇ ಪಾಠಕ್ಕೆ ಲೇಸೆಂದು ನನ್ನ ಮತ. ಸಂಕ್ರಾಂತಿಯ ಸಕ್ಕರೆ ಅಚ್ಚನ್ನು ನೋಡಿದವರಿಗೆ ಇದು ಹೊಸದಲ್ಲ. ಮಗುಚಿ ಅಚ್ಚಿಗೆ ಹೊಯ್ದ ಪಾಕ ಸಣ್ಣ ಹರಳುಗಳ ಬೆಳ್ಳನೆಯ ಗಟ್ಟಿಯಾಗುವುದು. ಇನ್ನೂ ಕಾಯಿಸಿ ತಟ್ಟನೆ ಆರಿಸಿದ ಪಾಕ ಸಕ್ಕರೆಯ ಗಾಜೇ ಆಗುವುದು.

ಹರಳಾಗುವಾಗ ಬಿಟ್ಟುಕೊಡಬೇಕಾಗಿದ್ದ ಶಾಖದಲ್ಲಿ ಒಂದು ಪಾಲನ್ನು ಗಾಜು ತನ್ನಲ್ಲಿಯೇ ಉಳಿಸಿಕೊಂಡಿರುತ್ತದೆ. ಉಷ್ಣಪರೀಕ್ಷೆ ಈ ಬಾಕಿಯನ್ನು ವಸೂಲು ಮಾಡುವ ಉಪಾಯ. ಎರಡು ಪುಟ್ಟ ಬಟ್ಟಲುಗಳಲ್ಲಿ ಒಂದರಲ್ಲಿ ಕೆಲವು ಮಿಲಿಗ್ರಾಂ ಗಾಜನ್ನೂ ಮತ್ತೊಂದರಲ್ಲಿ ಮಾರ್ಪಡದ ವಸ್ತುವನ್ನೂ ಇಟ್ಟು, ನಿಮಿಷಕ್ಕೆ 10 ಡಿಗ್ರಿಯಂತೆ ಒಂದೇ ಸಮನೆ ಕಾಯಿಸುತ್ತಾರೆ. ಎರಡಕ್ಕೂ ಇರುವ ಅಂತರವನ್ನು ಯಂತ್ರವು ರೇಖೆಯಾಗಿ ಬರೆಯುತ್ತದೆ. ಲಿಥಿಯಂ ಡೈಸಿಲಿಕೇಟ್ ಗಾಜಾದರೆ ಸುಮಾರು 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ರೇಖೆ ಒಂದು ಮೆಟ್ಟಿಲಷ್ಟು ಸರಿಯುವುದು. ಬಿಗಿದಿದ್ದ ಅಣುಗಳು ಸಡಿಲಗೊಳ್ಳುವ ಗುರುತು ಅದು. ಇನ್ನೂ ಕಾಯಿಸಿದಾಗ ಗಾಜು ಹರಳುಗಟ್ಟುತ್ತ ಶಾಖವನ್ನು ಹೊರಚೆಲ್ಲಲು, ರೇಖೆಯಲ್ಲಿ ಶಿಖರವೇಳುವುದು. ಕಡೆಗೆ 1033 ಡಿಗ್ರಿಯಲ್ಲಿ ಆ ಹರಳು ಶಾಖವನ್ನು ಹೀರಿ ಕರಗುವುದು.

ಕಾಯಿಸುವ ವೇಗವನ್ನು ಹೆಚ್ಚಿಸಿದಷ್ಟೂ ಶಿಖರವು ಮೇಲಣ ಉಷ್ಣಮಾನಕ್ಕೆ ಸರಿಯುತ್ತದೆ. ಈ ಸರಿತದಿಂದ, ಹರಳಾಗಲು ಅಣುಗಳು ದಾಟಬೇಕಾದ ಶಕ್ತಿಯ ತಡೆಯನ್ನು ಲೆಕ್ಕಹಾಕುವ ಕ್ರಮವನ್ನು ಕಿಸಿಂಜರ್ 1957ರಲ್ಲಿ ಪ್ರಕಟಿಸಿದನು. ಕ್ರಮವು ಸುಲಭ, ಅದರಿಂದಲೇ ಅಪಾಯವೂ ಉಂಟು. ನುಣ್ಣಗೆ ಪುಡಿಮಾಡಿದ ಗಾಜಿಗೆ ಮೈ ಹೆಚ್ಚು. ಮೈಯಿಂದ ಹರಳು ಹುಟ್ಟುವ ಜಾತಿಯಾದರೆ ಅದರ ಶಿಖರವು ಇಡಿಯ ಚೂರಿನದಕ್ಕಿಂತ ಮೊದಲೇ ಕಾಣುವುದು. ಮೊದಲೇ ಬೀಜಗಟ್ಟಿದ ಗಾಜೂ ಹಾಗೆಯೇ. ಆದುದರಿಂದ ಪುಡಿಯ ಗಾತ್ರವನ್ನೂ ಹಿಂದಣ ಕಾವನ್ನೂ ತಿಳಿಸದೆ ಕೊಟ್ಟ ಅಂಕಿಯನ್ನು ಇನ್ನೊಂದರೊಡನೆ ಹೋಲಿಸಲಾಗದು. ಹುಟ್ಟಿದ ಹರಳು ಯಾವುದೆಂಬುದನ್ನಂತೂ ರೇಖೆ ಹೇಳಲಾರದು. ಅದಕ್ಕೆ ಎಕ್ಸ್-ಕಿರಣಗಳೇ ಬೇಕು.

ಬೆಂಗಳೂರಿನಲ್ಲಿ 1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗಾಜಿನ ವ್ಯಾಸಂಗವು ಬಹುಕಾಲದಿಂದ ನಡೆದಿದೆ. ಅಲ್ಲಿಯ ಕೆ. ಜೆ. ರಾವ್ ಅವರು ಗಾಜುಗಳ ರಚನೆಯನ್ನು ಕುರಿತ ಗ್ರಂಥವನ್ನು 2002ರಲ್ಲಿ ಹೊರತಂದರು. ಸೆಲೆನಿಯಂ, ಟೆಲುರಿಯಂಗಳಿಂದಾದ ಗಾಜುಗಳನ್ನೂ ಅಲ್ಲಿ ಪರೀಕ್ಷಿಸಿದ್ದಾರೆ. ಬೆಳಕನ್ನು ಸಾಗಿಸುವ ಎಳೆಗೆ ಬೇಕಾದ ಗಾಜಿನಲ್ಲಿ ಮೆಟ್ಟಿಲಿಗೂ ಶಿಖರಕ್ಕೂ ಅಂತರವು ದೊಡ್ಡದಾಗಿರಬೇಕು, ಇಲ್ಲವಾದರೆ ಎಳೆಯುವಾಗಲೇ ಹರಳುಗಟ್ಟಿ ಬೆಳಕು ಚದುರುವುದು. ಮರಳಿ ಬರೆಯಬಹುದಾದ ಡಿವಿಡಿ ತಟ್ಟೆಯ ಜರ್ಮೇನಿಯಂ-ಆಂಟಿಮನಿ-ಟೆಲುರಿಯಂ ಪದರಕ್ಕೆ ಇದರ ವಿರುದ್ಧವಾದ ಗುಣ ಬೇಕು: ಲೇಸರಿನ ಕ್ಷಣಮಾತ್ರದ ಕಾವಿಗೆ ಅದು ಹರಳಾಗಬೇಕು.